ಕಂದು ಬಳಿದ ಬಿಳಿ ಕುದುರೆ

ಮಧ್ಯಾಹ್ನ ಎರಡು ಗಂಟೆಗೆ ಈರಬಸಪ್ಪ ಜಹಗೀರದಾರರ ಬಿಳಿ ಕುದುರೆಗೆ ಬಾಲದವರೆಗೂ ಕಂದು ಬಣ್ಣ ಬಳಿದು ಮುಗಿಸಿದ್ದ. ಚಿತ್ರ ಎಲ್ಲಿಗೆ ಬಂತೆಂದು ನೋಡಲು ಜಹಗೀರದಾರರ ವ್ಯವಹಾರ ನೋಡಿಕೊಳ್ಳುವ ಕಾರಭಾರಿ ಬಾಳಕೃಷ್ಣಪಂತರು ಐದಕ್ಕೆ ಬರುವವರಿದ್ದರು.

ಅವರು ಒಪ್ಪಿದರೆ ಈ ತೈಲಚಿತ್ರವಷ್ಟೇ ಅಲ್ಲ, ಜಹಗೀರದಾರರ ಮನೆತನದವರ ಇನ್ನೂ ಆರು ಚಿತ್ರಗಳು ಅವನ ಪಾಲಿಗೆ. ಒಪ್ಪದಿದ್ದರೆ ಮತ್ತೆ ನಾಟಕ ಕಂಪನಿಯ ಪರದೆಗಳು. ಧಾರವಾಡದಿಂದ ಪುಣೆಗೆ ಬಂದ ಹನ್ನೊಂದು ವರ್ಷಗಳಲ್ಲಿ ಅವನು ಬರೆದದ್ದು ಪರದೆಯ ಅರಮನೆ, ಪರದೆಯ ಅಡವಿ ಎರಡೇ.

ಹಾಗಾಗಿ ಈ ಸಲ ಏನನ್ನೂ ಅಂದಾಜಿಗೆ ಬಿಟ್ಟಿರಲಿಲ್ಲ. ನಾಲ್ಕು ದಿನ ಲಾಯದಲ್ಲಿ ಕುಳಿತು, ಕುದುರೆಯ ಎಡಗಣ್ಣಿನ ಕೆಳಗೆ ಉಗುರಿನಷ್ಟಿದ್ದ ಕೂದಲ ಸುಳಿಯನ್ನೂ ಬಿಡದೆ ರೇಖಾಚಿತ್ರ ಬರೆದಿದ್ದ. ಒಂದು ಪ್ರತಿಯನ್ನು ಜಹಗೀರದಾರ ಸಾಹೇಬರಿಗೆ ಕಳಿಸಿ, ಇನ್ನೊಂದನ್ನು ಮಸಿಯಲ್ಲಿ ಕ್ಯಾನ್ವಾಸಿಗೆ ಇಳಿಸಿದ್ದ.

ಮೂರಕ್ಕೆ ಅವನು ಬಾಡಿಗೆಗಿದ್ದ ವಾಡೆಯ ಒಡತಿ ರಾಧಾಬಾಯಿ ಇಣುಕಿದರು.

“ಇದೇನ್ರಿ, ಸಾಹೇಬರ ಕುದುರಿ ಬೆಳ್ಳಗದ ಅಲ್ಲ? ಬೆಲ್ಲದಾಗ ಅದ್ದಿ ತಗದಂಗ ಕಾಣ್ತದ.”

“ಅಡಿ ಬಣ್ಣರೀ ಬಾಯಿ. ಮೊದಲ ನೆರಳು-ಬೆಳಕು ಕಂದಿನಾಗ ಕೂಡಸಬೇಕು. ವಾರ ಒಣಗಿದ ಮ್ಯಾಲೆ ಬಿಳಿ.”

“ಕಾರಭಾರಿ ವಾರ ಕೂತಿರ್ತಾರೇನು? ಹೋದ ದೀಪಾವಳಿಗೆ ತೋಳಿಲ್ಲದ ಕೋಟು ತೋರಿಸಿದ ದರ್ಜಿನ್ನ ಅವರು ಮೆಟ್ಟಲಾ ಇಳಿಸಿ ಕಳಿಸ್ಯಾರ. ತೋಳು ಆಮ್ಯಾಲೆ ಹಚ್ಚತೀನಿ ಅಂತ ಅಂವಾ ಬಡಕೊಂಡ.”

ಮೇಲಿನ ಮನೆಯ ಕೃಷ್ಣಾಜಿ ಇಳಿದು ಬಂದರು. ಫೌಜಿನ ಲಾಯದ ಹುಲ್ಲಿನ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರಿಂದ ಕುದುರೆಯ ವಿಷಯದಲ್ಲಿ ವಾಡೆಯಲ್ಲಿ ಅವರದೇ ಕೊನೆಯ ಮಾತು. ಚಿತ್ರದ ಸುತ್ತ ತಿರುಗಿ ಹೇಳಿದರು: “ಬಿಳಿ ಕುದುರಿ ಬೆಳ್ಳಗಿರಬೇಕು. ಬಡಬಡ ಬಳೀರಿ.”

“ಹಸಿ ಕಂದಿನ ಮ್ಯಾಲೆ ಬಿಳಿ ನಿಲ್ಲೂದಿಲ್ರಿ.”

“ದರ್ಜಿನೂ ಹಿಂಗ ಅಂದಿದ್ದ,” ಎಂದರು ರಾಧಾಬಾಯಿ.

ಈರಬಸಪ್ಪ ಕೈಗಡಿಯಾರ ನೋಡಿದ. ಮೂರೂಕಾಲು. ಕುಂಚವನ್ನು ಬಿಳಿಗೆ ಅದ್ದಿದ.

ಮೊದಲ ಬಳಿತಕ್ಕೆ ಕುದುರೆ ಹಾಲು ಹೆಚ್ಚಾದ ಚಹಾದಂತಾಯಿತು. ಎರಡನೆಯದಕ್ಕೆ ಜ್ವರ ಬಿಟ್ಟ ಕತ್ತೆಯಂತಾಯಿತು. ಮೂರನೆಯದಕ್ಕೆ ಬಿಳಿಯ ಟ್ಯೂಬು ಖಾಲಿಯಾಯಿತು. ಕುದುರೆ ಮಾತ್ರ ಸುಣ್ಣದ ಗೋಡೆಯಷ್ಟು ಬೆಳ್ಳಗೆ ನಿಂತಿತು. ಬೇಗ ಒಣಗಲೆಂದು ರಾಧಾಬಾಯಿ ಕೆಂಡದ ಶೇಗಡಿ ತಂದಿಟ್ಟರು. ಕೃಷ್ಣಾಜಿ ಬೀಸಣಿಗೆ ಬೀಸಿದರು. ಬೂದಿ ಹಾರಿ ಕುದುರೆಯ ಹಿಂಭಾಗಕ್ಕೆ ಅಂಟಿತು. ಈರಬಸಪ್ಪ ಉಸಿರು ಬಿಗಿಹಿಡಿದು ಸೂಜಿಯ ತುದಿಯಿಂದ ಬೂದಿಯನ್ನು ಒಂದೊಂದೇ ಕಣ ಆರಿಸತೊಡಗಿದ. ಕೊನೆಯ ಕಣ ತೆಗೆಯುವಾಗ ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು.

ಬಾಳಕೃಷ್ಣಪಂತರು ಚಿತ್ರದ ಮುಂದೆ ಕೋಲೂರಿ ನಿಂತರು.

“ಸಾಹೇಬರು ನಿಮ್ಮ ರೇಖಾಚಿತ್ರ ನೋಡಿದ್ರು,” ಎಂದರು. “ಭಾಳ ಮೆಚ್ಚಿದ್ರು. ಆರು ವರ್ಷ ಆ ಕುದುರಿ ಏರ್ಯಾರ, ಕಣ್ಣಿನ ಕೆಳಗಿನ ಸುಳಿ ಯಾರಿಗೂ ಕಂಡಿರಲಿಲ್ಲ. ಕಣ್ಣೀರಿನ ಸುಳಿ ಅದು, ಯಜಮಾನನ ಮನಿ ಅಳಸ್ತದಂತ. ಇವತ್ತ ಮುಂಜಾನೆ ಕುದುರಿನ್ನ ಭೋರ್ ಸಂತಿಗೆ ಮಾರಾಕ ಕಳಿಸಿಬಿಟ್ರು.”

“ಹಂಗಾರ ಚಿತ್ರಾ?” ಈರಬಸಪ್ಪ ಸೂಜಿ ಕೆಳಗಿಟ್ಟ.

“ಚಿತ್ರಾ ಬೇಕು. ಹೊಸಾ ಕುದುರಿ ಬಂದದ. ಎತ್ತರ, ಮೈಕಟ್ಟು ಎಲ್ಲಾ ಇದರಂಗನ. ನಾಳೆ ಎಂಟಕ್ಕ ಸಾಹೇಬರು ಖುದ್ದ ನೋಡಾಕ ಬರ್ತಾರ. ಉಳಿದ ಆರರ ಮಾತು ಆಮ್ಯಾಲೆ.”

“ಹೊಸದರ ಬಣ್ಣ ಯಾವುದ್ರಿ?”

ಕಾರಭಾರಿಗಳು ನೆಲದ ಮೇಲೆ ಬಿದ್ದಿದ್ದ, ಕಂದು ಒರೆಸಿದ ಅರಿವೆಯನ್ನು ಕೋಲಿನಿಂದ ಮುಟ್ಟಿದರು. “ಇದ.”

ಅವರು ಮೆಟ್ಟಿಲಿಳಿದ ಮೇಲೆ ಕೃಷ್ಣಾಜಿ ಬೀಸಣಿಗೆ ಮಡಚಿದರು. “ಸುಳಿ ನನಗ ಕಂಡಿತ್ತು. ಬಿಳಿಗೆ ಯಾಕ ಅವಸರಾ ಅಂತ ಅನ್ನಾವನೂ ಇದ್ದೆ.”

ಈರಬಸಪ್ಪ ಚಾಕು ತೆಗೆದುಕೊಂಡು ಬಿಳಿಯನ್ನು ಕೆರೆಯತೊಡಗಿದ. ಬಣ್ಣ ಹಸಿಯಾಗಿದ್ದರಿಂದ ಅಡಿಯ ಕಂದೂ ಜೊತೆಗೇ ಎದ್ದು ಬಂತು. ಆರೂವರೆಗೆ ಕ್ಯಾನ್ವಾಸಿನ ಮೇಲೆ ಮಸಿಯ ಗೆರೆಗಳಷ್ಟೇ ಉಳಿದಿದ್ದವು. ಎಡಗಣ್ಣಿನ ಕೆಳಗಿನ ಸುಳಿ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು.