ಇಲ್ಲದ ಹೆಡ್‌ಫೋನನ್ನು ಹಿಂದಿರುಗಿಸುವ ಕುರಿತು

ಕಳೆದುಹೋದ ವಸ್ತುಗಳ ವಿಚಾರಣಾ ಶಾಖೆ
ಮೊದಲ ಮಹಡಿ, ಮೆಟ್ಟಿಲು ಹತ್ತಿ ಎಡಕ್ಕೆ (ಬಲಕ್ಕೆ ಹೋದವರು ವಾಪಸು ಬರತಕ್ಕದ್ದು)

ಸಂಖ್ಯೆ: ಕವಿಶಾ/ಮೊಬೈಲ್/ತೂತು/೦೩
ದಿನಾಂಕ: ಈ ತಿಂಗಳ ಒಂಬತ್ತು

ಸುತ್ತೋಲೆ

ವಿಷಯ: ಕಚೇರಿಯ ಮೊಬೈಲ್ ಫೋನಿನ ಹೆಡ್‌ಫೋನ್ ಜಾಕ್ ಕೆಟ್ಟಾಗ ಅನುಸರಿಸಬೇಕಾದ ಕ್ರಮಗಳು, ಅನುಸರಿಸಬಾರದ ಕ್ರಮಗಳು ಹಾಗೂ ಈಗಾಗಲೇ ಅನುಸರಿಸಿಬಿಟ್ಟಿರುವ ಕ್ರಮಗಳ ಬಗ್ಗೆ.

ಉಲ್ಲೇಖ:
(ಅ) ಇದೇ ಶಾಖೆಯ ಹಿಂದಿನ ತಿಂಗಳ ಸುತ್ತೋಲೆ (ಹಿಂಪಡೆಯಲಾಗಿದೆ).
(ಆ) ಸದರಿ ಸುತ್ತೋಲೆಯನ್ನು ಹಿಂಪಡೆದ ಸುತ್ತೋಲೆ (ಕಳೆದುಹೋಗಿದೆ).
(ಇ) ಉಗ್ರಾಣ ಪಾಲಕಿಯವರ ಅಕ್ಕನವರು ಮಾಡಿದ ದೂರವಾಣಿ ಕರೆಗಳು, ಒಟ್ಟು ಹತ್ತೊಂಬತ್ತು (ಹದಿನೆಂಟು ಕೇಳಿಸಲಿಲ್ಲ).

ಪ್ರಸ್ತಾವನೆ:

ಸಾರ್ವಜನಿಕರು ತಾವು ಕಳೆದುಕೊಂಡ ಕೊಡೆ, ಚೀಲ, ಕನ್ನಡಕ, ಹಲ್ಲಿನ ಸೆಟ್ಟು ಇತ್ಯಾದಿಗಳ ಬಗ್ಗೆ ವಿಚಾರಿಸಲೆಂದು ಈ ಶಾಖೆಗೆ ಒಂದು ಮೊಬೈಲ್ ಫೋನನ್ನು ಒದಗಿಸಲಾಗಿದ್ದು, ಅದು ಹಿಂದಿನ ತಿಂಗಳ ಎರಡನೇ ತಾರೀಖಿನಿಂದ ಇದ್ದಕ್ಕಿದ್ದಂತೆ ಮೌನ ತಾಳಿತು. ಕರೆ ಬಂದರೆ ಪರದೆ ಬೆಳಗುತ್ತಿತ್ತು, ಗಂಟೆ ಬಾರಿಸುತ್ತಿರಲಿಲ್ಲ. ಎತ್ತಿ ಹಲೋ ಎಂದರೆ ಆ ಕಡೆಯವರಿಗೂ ಕೇಳಿಸುತ್ತಿರಲಿಲ್ಲ, ಈ ಕಡೆಯವರಿಗೂ ಕೇಳಿಸುತ್ತಿರಲಿಲ್ಲ. ಮೊದಲ ನಾಲ್ಕು ದಿನ ಯಾರೂ ಪರದೆಯ ಕಡೆ ನೋಡದ ಕಾರಣ, ಸಾರ್ವಜನಿಕರು ವಸ್ತುಗಳನ್ನು ಕಳೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ ಎಂದು ಭಾವಿಸಲಾಗಿ, ಈ ಸಾಧನೆಯ ಬಗ್ಗೆ ಮೇಲಧಿಕಾರಿಗಳಿಗೆ ವರದಿ ಕಳುಹಿಸಲಾಯಿತು. ಮೇಲಧಿಕಾರಿಗಳು ಸಂತೋಷ ವ್ಯಕ್ತಪಡಿಸಿದ್ದಾರೆ. ಆ ಸಂತೋಷವನ್ನು ಇನ್ನೂ ಹಿಂಪಡೆದಿರುವುದಿಲ್ಲ.

ಐದನೇ ದಿನ ಫೋನಿನ ಪರದೆಯ ಮೇಲ್ಭಾಗದಲ್ಲಿ ಹೆಡ್‌ಫೋನಿನ ಪುಟ್ಟ ಚಿತ್ರವೊಂದು ಕಂಡುಬಂದಿತು. ಅಂದರೆ ತನಗೆ ಹೆಡ್‌ಫೋನ್ ಸಿಕ್ಕಿಸಲಾಗಿದೆ ಎಂದು ಫೋನು ಹೇಳುತ್ತಿತ್ತು. ಆ ಕಾರಣಕ್ಕೇ ಸದ್ದನ್ನೆಲ್ಲ ಅದಕ್ಕೆ ಕಳುಹಿಸಿ ತಾನು ಸುಮ್ಮನಿತ್ತು. ವಾಸ್ತವದಲ್ಲಿ ಯಾವ ಹೆಡ್‌ಫೋನೂ ಇರಲಿಲ್ಲ. ಆದರೆ ಕಣ್ಣಿಗೆ ಕಂಡದ್ದಕ್ಕೂ ದಾಖಲೆಗೂ ವ್ಯತ್ಯಾಸ ಬಂದಲ್ಲಿ ದಾಖಲೆಯೇ ನಿಜವೆಂಬುದು ಈ ಶಾಖೆಯ ಬಹುಕಾಲದ ನಿಲುವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ, ದಾಸ್ತಾನು ಪುಸ್ತಕದ ಪುಟ ೨೧೨ರಲ್ಲಿ "ಹೆಡ್‌ಫೋನ್, ಒಂದು. ಬಣ್ಣ: ಕಾಣಿಸುವುದಿಲ್ಲ. ಸ್ಥಿತಿ: ಬಳಕೆಯಲ್ಲಿದೆ" ಎಂದು ನಮೂದಿಸಿ, ಅದನ್ನು ಉಗ್ರಾಣ ಪಾಲಕಿಯವರ ವಶಕ್ಕೆ ಒಪ್ಪಿಸಲಾಯಿತು. ನಮೂದಿಸಲು ಆದೇಶಿಸಿದವರು ಈ ಕೆಳಗೆ ಸಹಿ ಮಾಡಿರುವ ಅಧೀಕ್ಷಕರು.

ಎಲ್ಲರ ಬಾಯಲ್ಲಿ 'ಉಗ್ರಾಣದಮ್ಮ' ಆಗಿರುವ ಸದರಿ ಪಾಲಕಿಯವರು ಆ ದಿನ "ಇಲ್ದೇ ಇರೋದಕ್ಕೆ ಹೇಗೆ ಸಾರ್ ಸಹಿ ಹಾಕೋದು?" ಎಂದು ಕೇಳಿದ್ದು, "ಈಗ ಹಾಕಿಬಿಡಿ ಅಮ್ಮ, ಆಮೇಲೆ ಸರಿ ಮಾಡೋಣ" ಎಂದು ಅವರಿಗೆ ತಿಳಿಸಲಾಗಿತ್ತು. ಆಮೇಲೆ ಎಂಬುದು ಯಾವಾಗ ಎಂದು ತಿಳಿಸಿರಲಿಲ್ಲ.

ಉಗ್ರಾಣದಮ್ಮನವರು ಕಿಟಕಿಯಿಲ್ಲದ ಉಗ್ರಾಣದಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ಅದೇ ತಿಂಗಳ ಮೂವತ್ತರಂದು ನಿವೃತ್ತರಾಗತಕ್ಕವರಿದ್ದರು. ಮರುದಿನ ಬೆಳಗಿನ ರೈಲಿಗೆ ಅಕ್ಕತಂಗಿಯರಿಬ್ಬರೂ ಸಮುದ್ರ ನೋಡಲು ಹೋಗುವುದೆಂದು ನಿಶ್ಚಯವಾಗಿತ್ತು. ಇಬ್ಬರೂ ಈವರೆಗೆ ಸಮುದ್ರ ನೋಡಿರುವುದಿಲ್ಲ. ಬೇರೆ ಊರಿನಲ್ಲಿ ಹೊಲಿಗೆ ಅಂಗಡಿ ನಡೆಸುವ ಅಕ್ಕನವರು, ಎಪ್ಪತ್ತೊಂದು ವರ್ಷ, ಇಬ್ಬರಿಗೂ ಬಿಸಿಲಿನ ಟೋಪಿ ಹೊಲಿದು ಮುಗಿಸಿದ್ದರು. ಇಂತಿರುವಲ್ಲಿ ಇಪ್ಪತ್ತನಾಲ್ಕರಂದು ಬಂದ ದಾಸ್ತಾನು ಪರಿಶೀಲನಾಧಿಕಾರಿಗಳು ಆರು ಸಾವಿರದ ಮುನ್ನೂರ ಹದಿನೇಳು ವಸ್ತುಗಳಿಗೆ ಸರಿ ಗುರುತು ಹಾಕಿ, ಪುಟ ೨೧೨ಕ್ಕೆ ಬಂದು ಪೆನ್ನು ಎತ್ತಿದರು. ಹೆಡ್‌ಫೋನ್ ಒಪ್ಪಿಸದ ಹೊರತು ಪಾಲಕಿಯವರಿಗೆ ಕಾರ್ಯಮುಕ್ತಿ ಆದೇಶ ನೀಡುವಂತಿಲ್ಲ ಎಂದು ಷರಾ ಬರೆದರು.

ಉಗ್ರಾಣದಮ್ಮನವರು ಜಗಳವಾಡಲಿಲ್ಲ. ಕಚೇರಿಯವರು ತನ್ನನ್ನು ಬಿಡುವುದು ಕಷ್ಟವಾಗಿದೆ ಎಂದು ಅಕ್ಕನಿಗೆ ಒಂದು ಕಾಗದ ಬರೆದು ಹಾಕಿ, ಒಳಗೆ ಹೋಗಿ ಕೊಡೆಗಳನ್ನು ಮೊದಲಿನಿಂದ ಎಣಿಸತೊಡಗಿದರು. ಜಗಳವಾಡಿದ್ದರೆ ವಾಸಿಯಿತ್ತು ಎಂದು ಶಾಖೆಯ ಎಲ್ಲರಿಗೂ ಅನ್ನಿಸಿದ್ದನ್ನು ಕಡತದಲ್ಲಿ ದಾಖಲಿಸಲಾಗಿದೆ.

ಮೇಲ್ಕಂಡ ಸಂಗತಿಗಳು ಮರುಕಳಿಸದಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

೧. ಫೋನು ಮೌನ ತಾಳಿದಲ್ಲಿ ದಾಸ್ತಾನು ಪುಸ್ತಕ ತೆರೆಯುವ ಮೊದಲು ಟಾರ್ಚ್ ಹಾಕಿ ಜಾಕಿನ ತೂತಿನೊಳಗೆ ನೋಡತಕ್ಕದ್ದು. ನೋಡುವಾಗ ಒಂದು ಕಣ್ಣು ಮುಚ್ಚತಕ್ಕದ್ದು. ಯಾವ ಕಣ್ಣು ಎಂಬುದು ಆಯಾ ಸಿಬ್ಬಂದಿಯ ವಿವೇಚನೆಗೆ ಬಿಟ್ಟದ್ದು. ಇಬ್ಬರು ಒಟ್ಟಿಗೆ ನೋಡುವುದನ್ನು ನಿಷೇಧಿಸಲಾಗಿದೆ. ಇಬ್ಬರು ಗುಮಾಸ್ತರ ಹಣೆಯ ಊತ ಇನ್ನೂ ಇಳಿದಿಲ್ಲ.

೨. ತೂತಿನೊಳಗೆ ಬಾಯಿಂದ ಊದತಕ್ಕದ್ದಲ್ಲ. ಜವಾನರಾದ 'ದೊಡ್ಡಪ್ಪ'ನವರು ಹನ್ನೆರಡರಂದು ಬಿಸ್ಕತ್ತು ತಿನ್ನುತ್ತಲೇ ಊದಿದ್ದರಿಂದ ಒಳಗೆ ಬಿಸ್ಕತ್ತಿನ ಪುಡಿ ಸೇರ್ಪಡೆಯಾಯಿತು. ಊದಲೇಬೇಕೆಂಬ ಬಯಕೆಯನ್ನು ತಡೆಯಲಾರದ ಸಿಬ್ಬಂದಿಯು ಬಾಯಿ ಮುಕ್ಕಳಿಸಿ, ಬೇರೆ ಯಾವುದನ್ನಾದರೂ ಊದಿಕೊಳ್ಳಬಹುದು.

೩. ಚೆನ್ನಾಗಿರುವ ಹೆಡ್‌ಫೋನೊಂದನ್ನು ಹತ್ತು ಸಲ ಸಿಕ್ಕಿಸಿ ತೆಗೆದರೆ ಕೆಲವು ಫೋನುಗಳು ಸರಿಹೋಗುತ್ತವೆ ಎಂದು ಬೆರಳಚ್ಚುಗಾರ್ತಿಯವರು ತಮ್ಮದೇ ಹೆಡ್‌ಫೋನ್ ಕೊಟ್ಟರು. ಎಣಿಸುವ ಹೊಣೆ ಹೊತ್ತ ಗುಮಾಸ್ತರಿಗೆ ನಡುವೆ ಆಕಳಿಕೆ ಬಂದು ಲೆಕ್ಕ ತಪ್ಪಿದ್ದರಿಂದ, ಮತ್ತೆ ಒಂದರಿಂದ ಶುರುಮಾಡಿ, ಹೀಗೇ ನೂರ ನಲವತ್ತು ಸಲ ಸಿಕ್ಕಿಸಿ ತೆಗೆಯಲಾಯಿತು. ಒಳಗೆ ಏನಿತ್ತೋ ಅದು ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗಿ ಕೂತಿತೆಂದು ಅನಂತರ ತಿಳಿದುಬಂದಿದೆ.

೪. ಉಗ್ರಾಣದಲ್ಲಿ ವಾರಸುದಾರರಿಲ್ಲದ ನಲವತ್ತೊಂದು ಹೆಡ್‌ಫೋನುಗಳು ಬಿದ್ದಿವೆಯಲ್ಲ, ಒಂದನ್ನು ಎತ್ತಿಕೊಟ್ಟು ಆಯಮ್ಮನನ್ನು ಕಳಿಸಬಾರದೇ ಎಂದು ದೊಡ್ಡಪ್ಪನವರು ಲಿಖಿತವಾಗಿ ಕೇಳಿದ್ದರು. ಅವೆಲ್ಲ ಇರುವ ಹೆಡ್‌ಫೋನುಗಳು. ಒಪ್ಪಿಸಬೇಕಾಗಿದ್ದುದು ಇಲ್ಲದ ಹೆಡ್‌ಫೋನು. ಆದ್ದರಿಂದ ಹೊಂದಾಣಿಕೆಗೆ ಅವಕಾಶವಿಲ್ಲವೆಂದು ಹಿಂಬರಹ ನೀಡಲಾಗಿದೆ. ಹಿಂಬರಹವನ್ನು ಓದಿದ ದೊಡ್ಡಪ್ಪನವರು ಒಂದು ದಿನ ರಜೆ ಹಾಕಿದರು.

೫. ಕೆಟ್ಟ ಉಪಕರಣವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವುದು ಒಳ್ಳೆಯ ಪದ್ಧತಿ. ಫೋನಿನ ಮೇಲೆ ಇದು ಫಲಿಸದಿದ್ದಾಗ ಫ್ಯಾನನ್ನೂ ದೀಪಗಳನ್ನೂ ಆಫ್ ಮಾಡಿ ಆನ್ ಮಾಡಲಾಯಿತು. ಕೊನೆಗೆ ಪರಿಶೀಲನಾಧಿಕಾರಿಗಳನ್ನೂ ಒಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬರುವಂತೆ ಕೋರಲಾಯಿತು. ಅವರು ಹೋದರು, ಬಂದರು, ಅಭಿಪ್ರಾಯ ಬದಲಾಗಿರಲಿಲ್ಲ.

೬. ಸೂಜಿ, ಗುಂಡುಪಿನ್ನು, ತಂತಿ, ಹೇರ್‌ಪಿನ್ನು ಮುಂತಾದ ಲೋಹದ ವಸ್ತುಗಳನ್ನು ತೂತಿಗೆ ತೂರಿಸತಕ್ಕದ್ದಲ್ಲ. ಮರದ ಹಲ್ಲುಕಡ್ಡಿ ಮಾತ್ರ ಬಳಸತಕ್ಕದ್ದು. ಈ ಜ್ಞಾನವು ಶಾಖೆಗೆ ಇಪ್ಪತ್ತೊಂಬತ್ತರಂದು ಪ್ರಾಪ್ತವಾಯಿತು. ಎದುರು ರಸ್ತೆಯ ಮೊಬೈಲ್ ರಿಪೇರಿ ಅಂಗಡಿಯಾಕೆ ತಾವು ಕಳೆದುಕೊಂಡ ಊಟದ ಡಬ್ಬಿಯನ್ನು ವಿಚಾರಿಸಲು ಬಂದವರು, ಪರಿಶೀಲನಾಧಿಕಾರಿಗಳೂ ಉಗ್ರಾಣದಮ್ಮನವರೂ ಸೇರಿ ಮೇಜಿನ ಸುತ್ತ ಕೂತು ಫೋನನ್ನೇ ನೋಡುತ್ತಿದ್ದ ಒಂಬತ್ತು ಮಂದಿಯನ್ನು ಕಂಡು, "ಯಾರಿಗೇನಾಯ್ತು?" ಎಂದು ಗಾಬರಿಯಾದರು. ವಿಷಯ ತಿಳಿದು, "ಅಯ್ಯೋ, ಇದು ಕಾಯಿಲೆ ಅಲ್ಲ ಸಾರ್, ಮೂಗು ಕಟ್ಕೊಂಡಿದೆ ಅಷ್ಟೇ. ಒಂದು ಹಲ್ಲುಕಡ್ಡಿ ಕೊಡಿ" ಎಂದರು. ಫೋನನ್ನು ಆಫ್ ಮಾಡಿ, ತೂತನ್ನು ಕೆಳಮುಖವಾಗಿ ಹಿಡಿದು, ಕಡ್ಡಿಯನ್ನು ಅದರ ಒಳಗೋಡೆಗುಂಟ ಮೆಲ್ಲಗೆ ಆಡಿಸಿದರು. ಮೊದಲು ಬಿಸ್ಕತ್ತಿನ ಪುಡಿ ಬಿತ್ತು. ಆಮೇಲೆ ಮೆಣಸಿನ ಕಾಳಿನಷ್ಟು ಗಾತ್ರದ, ನೂಲಿನ ಎಳೆಗಳು ಒತ್ತಿ ಒತ್ತಿ ಆದ ಒಂದು ಉಂಡೆ ಹೊರಬಂತು. ಫೋನನ್ನು ಮತ್ತೆ ಆನ್ ಮಾಡಿದಾಗ ಹೆಡ್‌ಫೋನಿನ ಚಿತ್ರ ಮಾಯವಾಗಿತ್ತು. ಒಟ್ಟು ನಾಲ್ಕು ನಿಮಿಷ. ಇಪ್ಪತ್ತೇಳು ದಿನಗಳಿಂದ ರಸ್ತೆ ದಾಟುವ ಆಲೋಚನೆ ಯಾರಿಗೂ ಹೊಳೆಯದಿದ್ದುದಕ್ಕೆ ಪ್ರತ್ಯೇಕ ಸಮಿತಿ ರಚಿಸುವ ಅಗತ್ಯ ಕಂಡುಬಂದಿಲ್ಲ.

೭. ದುರಸ್ತಿಯಾದ ಫೋನಿಗೆ ಬರುವ ಮೊದಲ ಕರೆಯನ್ನು ಸಭೆಯ ನಡುವೆ ಸ್ಪೀಕರಿನಲ್ಲಿ ಸ್ವೀಕರಿಸತಕ್ಕದ್ದಲ್ಲ. ಅಂದು ಹಾಗೆ ಸ್ವೀಕರಿಸಿದ ಕರೆ ಉಲ್ಲೇಖ (ಇ)ರ ಹತ್ತೊಂಬತ್ತನೆಯದಾಗಿತ್ತು. ಇಷ್ಟು ವರ್ಷ ಊರವರು ಕಳೆದುಕೊಂಡ ಫೋನುಗಳನ್ನು ಕಾಯ್ದದ್ದೇ ಸಾಕೆಂದು ಉಗ್ರಾಣದಮ್ಮನವರು ತಮ್ಮದೊಂದು ಫೋನು ಇಟ್ಟುಕೊಂಡಿರದ ಕಾರಣ, ಅವರ ಅಕ್ಕ ಕಚೇರಿಯ ಫೋನಿಗೇ ಕರೆ ಮಾಡುತ್ತಿದ್ದರು. ಕರೆಯ ಪೂರ್ಣಪಾಠ: "ಕಾಗದ ಬಂತು ಕಣೇ! ನಾಳಿದ್ದು ಬೆಳಗ್ಗೆ ರೈಲು, ಬರ್ತೀಯೋ ಇಲ್ಲ ಆ ಮುರುಕಲು ಕೊಡೆಗಳ ಜೊತೆ ಸಂಸಾರ ಮಾಡ್ಕೊಂಡಿರ್ತೀಯೋ? ಯಾರೇ ಅವನು ನಿನ್ನ ಬಿಡದೇ ಇರೋನು? ಕೊಡು ಫೋನು ಅವನ ಕೈಗೆ!" ಇಲ್ಲಿ 'ಅವನು' ಎಂದರೆ ಅಧೀಕ್ಷಕರು ಎಂದು ಎಲ್ಲರೂ ಏಕಕಾಲಕ್ಕೆ ಅವರ ಕಡೆ ತಿರುಗಿದ್ದರಿಂದ ದೃಢಪಟ್ಟಿದೆ.

೮. ಫೋನು ಸರಿಯಾಯಿತು, ಆದರೆ ತೊಡಕು ಹೆಚ್ಚಾಯಿತು. ಈವರೆಗೆ ಹೆಡ್‌ಫೋನ್ ಇದೆ ಎಂದು ಹೇಳಲು ಫೋನಾದರೂ ಇತ್ತು. ಈಗ ಅದೂ ಇಲ್ಲವೆಂದಿತು. ಪರಿಶೀಲನಾಧಿಕಾರಿಗಳು 'ಬಳಕೆಯಲ್ಲಿದೆ' ಎಂಬುದನ್ನು ಹೊಡೆದು 'ಕಳೆದುಹೋಗಿದೆ' ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದರು. ಆಗ ಉಗ್ರಾಣದಮ್ಮನವರು ಎದ್ದು, ಆ ನೂಲಿನ ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿ, ಪರಿಶೀಲನಾಧಿಕಾರಿಗಳ ಅಂಗೈ ಮೇಲೆ ಇಟ್ಟು, "ಇಷ್ಟು ದಿನ ಫೋನು ಹೆಡ್‌ಫೋನ್ ಅಂತ ನಂಬ್ಕೊಂಡಿದ್ದು ಇದನ್ನೇ ತಾನೇ ಸಾರ್? ನೀವೆಲ್ಲ ನಂಬಿದ್ದು ಫೋನನ್ನ ತಾನೇ? ಹಾಗಿದ್ರೆ ಇದೇ ನಿಮ್ಮ ಹೆಡ್‌ಫೋನು. ತಗೊಳ್ಳಿ, ಒಪ್ಪಿಸಿದೀನಿ" ಎಂದರು. ಪರಿಶೀಲನಾಧಿಕಾರಿಗಳು ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹದಿನೇಳು ನಿಮಿಷ ಯೋಚಿಸಿದರು. ಆ ಹದಿನೇಳು ನಿಮಿಷ ಫ್ಯಾನ್ ಆಫ್ ಮಾಡಲಾಗಿತ್ತು. ಅನಂತರ "ಹೌದಲ್ಲ" ಎಂದು ಸರಿ ಗುರುತು ಹಾಕಿದರು. ಅವರು ನಿಯಮದ ಮನುಷ್ಯರೇ ಹೊರತು ಕೆಟ್ಟವರಲ್ಲ ಎಂಬುದನ್ನು ಸಂತೋಷದಿಂದ ನಮೂದಿಸಲಾಗಿದೆ. ಉಗ್ರಾಣದಮ್ಮನವರನ್ನು ಮೂವತ್ತರಂದು ಮಧ್ಯಾಹ್ನ ಮೂರು ನಲವತ್ತಕ್ಕೆ ಕಾರ್ಯದಿಂದ ಬಿಡುಗಡೆ ಮಾಡಲಾಯಿತು.

೯. ಬಣ್ಣದ ಕಲಂನಲ್ಲಿ 'ಕಾಣಿಸುವುದಿಲ್ಲ' ಎಂದಿದ್ದುದನ್ನು ತಿದ್ದುವ ಸಂದರ್ಭದಲ್ಲಿ ಉಂಡೆಯು ಗಿಳಿಹಸಿರು ಬಣ್ಣದ್ದೆಂದು ಕಂಡುಬಂತು. ಶಾಖೆಯಲ್ಲಿ ಗಿಳಿಹಸಿರು ಸ್ವೆಟರ್ ಧರಿಸುವವರು ಒಬ್ಬರೇ ಇದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಏನೂ ಹೇಳುವ ಮೊದಲೇ ಅವರು ತಮ್ಮ ಸ್ವೆಟರಿನ ಜೇಬು ಮುಟ್ಟಿ ನೋಡಿಕೊಂಡರು. ಫೋನು ಕಳುವಾಗದಿರಲೆಂದು ತಿಂಗಳುಗಟ್ಟಲೆ ಅದನ್ನು ಅದೇ ಜೇಬಿನಲ್ಲಿಟ್ಟುಕೊಂಡು ತಿರುಗಿದವರೂ ಅವರೇ. ಸದರಿಯವರು ಈ ಸುತ್ತೋಲೆಗೆ ಸಹಿ ಮಾಡಿರುತ್ತಾರೆ. ಸ್ವೆಟರನ್ನು ಹೆಣೆದ ಅವರ ಪತ್ನಿಯವರು ತಾವು ಹೆಣೆದದ್ದು ನೂಲು ಬಿಡುತ್ತದೆ ಎಂಬುದನ್ನು ಸಾರಾಸಗಟಾಗಿ ತಳ್ಳಿಹಾಕಿದ್ದು, ಅದರ ವಿರುದ್ಧ ಮೇಲ್ಮನವಿ ಸಲ್ಲಿಸದಿರಲು ತೀರ್ಮಾನಿಸಲಾಗಿದೆ.

೧೦. ಈ ಪ್ರಕರಣದಲ್ಲಿ 'ತಪ್ಪು ಸಂಭವಿಸಿರುತ್ತದೆ' ಎಂದು ಕರಡಿನಲ್ಲಿ ಬರೆಯಲಾಗಿತ್ತು. ಅದನ್ನು ಹೊಡೆದುಹಾಕಲಾಗಿದೆ. ತಪ್ಪು ನಾನು ಮಾಡಿದೆ. ಎದುರಿಗೆ ನಿಂತು, ಇಲ್ಲ ಸಾರ್ ಎಂದು ಹೇಳಿದವರ ಮಾತು ಬಿಟ್ಟು ಒಂದು ಚಿತ್ರವನ್ನು ನಂಬಿದೆ. ಉಗ್ರಾಣದಮ್ಮ ಕೊಡೆ ಎಣಿಸಲು ಒಳಗೆ ಹೋದ ದಿನ ನನಗೆ ಊಟ ಸೇರಲಿಲ್ಲ. ಈ ಕಂಡಿಕೆಯ ಭಾಷೆ ಸುತ್ತೋಲೆಗೆ ತಕ್ಕುದಲ್ಲವೆಂದು ಗುಮಾಸ್ತರು ಆಕ್ಷೇಪಿಸಿದ್ದು, ಆಕ್ಷೇಪವನ್ನು ಕಡತಕ್ಕೆ ಸೇರಿಸಿ, ಕಂಡಿಕೆಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

೧೧. ಸದರಿ ಹೆಡ್‌ಫೋನನ್ನು, ಅಂದರೆ ಉಂಡೆಯನ್ನು, ಬೆಂಕಿಪೊಟ್ಟಣವೊಂದರಲ್ಲಿಟ್ಟು ಮೂರನೇ ಕಪಾಟಿನಲ್ಲಿ ಭದ್ರಪಡಿಸಲಾಗಿದೆ. ಪೊಟ್ಟಣವನ್ನು ತೆರೆಯುವಾಗ ಸೀನತಕ್ಕದ್ದಲ್ಲ. ಸೀನು ಬರುವ ಲಕ್ಷಣವಿದ್ದಲ್ಲಿ ಒಂದು ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಇದರಿಂದ ಹಾಡು ಕೇಳಲು ಯಾರೂ ಪ್ರಯತ್ನಿಸತಕ್ಕದ್ದಲ್ಲ, ಗುಮಾಸ್ತರು ಪ್ರಯತ್ನಿಸಿದ್ದಾರೆ.

೧೨. ಸ್ವೆಟರ್, ಶಾಲು, ಉಣ್ಣೆಯ ಟೋಪಿ ಧರಿಸಿದ ಸಿಬ್ಬಂದಿಯು ಫೋನಿನಿಂದ ಎರಡು ಮಾರು ದೂರ ನಿಂತು ಮಾತನಾಡತಕ್ಕದ್ದು. ಈ ಆದೇಶವು ಕೂಡಲೇ ಜಾರಿಗೆ ಬರುತ್ತದೆ; ಚಳಿ ಇರುವವರಿಗೆ ಮಧ್ಯಾಹ್ನದಿಂದ ಜಾರಿಗೆ ಬರುತ್ತದೆ.

ಸಹಿ/-
ಅಧೀಕ್ಷಕರು
(ಸ್ವೆಟರ್ ಕಳಚಿ ಸಹಿ ಮಾಡಲಾಗಿದೆ)

ಪ್ರತಿಗಳು:

೧. ದಾಸ್ತಾನು ಪರಿಶೀಲನಾಧಿಕಾರಿಗಳಿಗೆ, ಮುಂದಿನ ವರ್ಷ ಬರುವಾಗ ಭೂತಗನ್ನಡಿಯೊಂದನ್ನು ತರುವಂತೆ ಕೋರಿ.

೨. ಎದುರು ರಸ್ತೆಯ ಮೊಬೈಲ್ ರಿಪೇರಿ ಅಂಗಡಿಯಾಕೆಗೆ, ಹೃತ್ಪೂರ್ವಕ ಧನ್ಯವಾದಗಳೊಂದಿಗೆ. ಊಟದ ಡಬ್ಬಿ ಸಿಕ್ಕಿದೆ. ಮುಚ್ಚಳದ ಹುಡುಕಾಟ ಪ್ರಗತಿಯಲ್ಲಿದೆ.

೩. ದೊಡ್ಡಪ್ಪನವರಿಗೆ, ಸೂಚನಾಫಲಕಕ್ಕೆ ಅಂಟಿಸಲು. ಗೋಂದನ್ನು ಫೋನಿನಿಂದ ದೂರವಿಡತಕ್ಕದ್ದು.

೪. ಅಧೀಕ್ಷಕರ ಪತ್ನಿಯವರಿಗೆ: ಕಳುಹಿಸಿರುವುದಿಲ್ಲ.

೫. ನಿವೃತ್ತ ಉಗ್ರಾಣ ಪಾಲಕಿಯವರಿಗೆ: ಸದ್ಯ ಅಂಚೆ ವಿಳಾಸ ಇಲ್ಲದಿರುವುದರಿಂದ, ಅವರ ಅಕ್ಕನವರ ಫೋನಿಗೆ ಕಚೇರಿಯ ಫೋನಿನಿಂದ ಕರೆ ಮಾಡಿ ಓದಿ ಹೇಳಲಾಯಿತು. ಒಂಬತ್ತನೇ ಕಂಡಿಕೆಯವರೆಗೆ ಅಕ್ಕತಂಗಿಯರಿಬ್ಬರೂ ನಗುತ್ತಲೇ ಇದ್ದರು. ಹತ್ತನೆಯದಕ್ಕೆ ನಗಲಿಲ್ಲ. ಆಮೇಲೆ ಉಗ್ರಾಣದಮ್ಮನವರು "ಆಯ್ತು ಬಿಡಿ ಸಾರ್. ಒಂದ್ನಿಮಿಷ ತಡೀರಿ, ಇದನ್ನ ಕೇಳಿ" ಎಂದು ಫೋನನ್ನು ನೀರಿನ ಕಡೆಗೆ ಹಿಡಿದರು. ಕಚೇರಿಯ ಫೋನಿನ ಸ್ಪೀಕರ್ ಸುಸ್ಥಿತಿಯಲ್ಲಿದೆ ಎಂದು ದೃಢಪಟ್ಟಿದೆ. ಹನ್ನೊಂದು ನಿಮಿಷ ಶಾಖೆಯ ಕೆಲಸ ನಿಲ್ಲಿಸಿ ಅಲೆಗಳ ಸದ್ದನ್ನು ಆಲಿಸಲಾಯಿತು. ಆ ವೇಳೆಯಲ್ಲಿ ವಿಚಾರಣೆಗೆ ಬಂದ ಮೂವರು ಸಾರ್ವಜನಿಕರನ್ನೂ ಕುರ್ಚಿ ಕೊಟ್ಟು ಕೂರಿಸಿ ಕೇಳಿಸಲಾಗಿದೆ.