ಒಂದು ಟೀಸಿ, ಎರಡು ಸೀಟು

ಮುಂದೇನು ಓದಲಿ ಎಂದು ಕಂಡಕಂಡವರನ್ನು ಕೇಳಬಾರದು. ಕೇಳಿದರೆ ಇಂಥವು ಆಗದೆ ಇರುವುದಿಲ್ಲ. ಇದು ಗೊತ್ತಿದ್ದೂ ನಾಲ್ಕು ಊರು ತಿರುಗಿ ಕೇಳಿದವಳು ನಾನು.

ಎಪ್ಪತ್ತರ ದಶಕದ ಕೊನೆಯ ಮಾತು. ಬಿ.ಎ. ಮುಗಿಸಿ ಕೊಪ್ಪಳದ ಮನೆಯಲ್ಲಿ ಕೂತಿದ್ದೆ. ಒಂದೇ ಸೋಮವಾರ ಎರಡು ಕಾಗದ ಬಂದವು. ಧಾರವಾಡದಲ್ಲಿ ಸಮಾಜಕಾರ್ಯದ ಎಂ.ಎ.ಗೆ ಸೀಟು, ಬೆಂಗಳೂರಿನಲ್ಲಿ ಆಪ್ತಸಲಹೆಯ, ಅಂದರೆ ಕೌನ್ಸೆಲಿಂಗಿನ, ಎಂ.ಎ.ಗೆ ಸೀಟು. ಎರಡೂ ಕಡೆಗೆ ಅಸಲು ಟೀಸಿ ಬೇಕು, ಜೊತೆಗೆ ಗೆಜೆಟೆಡ್ ಅಧಿಕಾರಿಯ ನಡತೆ ಪತ್ರ ಬೇಕು. ಎರಡಕ್ಕೂ ಕಾಗದಪತ್ರ ರಿಜಿಸ್ಟರ್ ಟಪಾಲಿಗೆ ಹಾಕಲು ಶನಿವಾರವೇ ಕೊನೆಯ ದಿನ. ನನ್ನ ಹತ್ತಿರ ಇದ್ದದ್ದು ಒಂದೇ ಟೀಸಿ. ಶನಿವಾರ ತಪ್ಪಿದರೆ ಎರಡೂ ಸೀಟು ಹೋಗುತ್ತಿದ್ದವು, ಮರುದಿನವೇ ವರನ ಕಡೆಯವರು ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಆಮೇಲೆ ಎಷ್ಟೋ ದೇಶಗಳ ಗಡಿಯಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತಿದ್ದೇನೆ. ಆ ವಾರ ಬಡಿದ ಹಾಗೆ ಎದೆ ಎಲ್ಲೂ ಬಡಿದಿಲ್ಲ.

ಕೊಪ್ಪಳ: ಅಜ್ಜಿಯ ಅನುಭವ

ಕೌನ್ಸೆಲಿಂಗ್ ಅಂದರೇನೆಂದು ಅಜ್ಜಿಗೆ ಬಿಡಿಸಿ ಹೇಳಿದೆ. ಕಷ್ಟದಲ್ಲಿರುವವರು ಬರುತ್ತಾರೆ, ಮನಸ್ಸು ಬಿಚ್ಚುತ್ತಾರೆ, ನಾವು ಕೂತು ಕೇಳಬೇಕು.

“ಇಷ್ಟಕ್ಕ ಬೆಂಗಳೂರಿಗೆ ಹೋಗಬೇಕೇನ? ಈ ಓಣಿ ಹೆಂಗಸರ ಗೋಳು ನಲವತ್ತು ವರ್ಷ ನಾ ಕೇಳೀನಿ. ಅತ್ತಿ ಬಂದು ಅಳತಿದ್ಲು, ಆಕಿ ಹೋದಮ್ಯಾಲ ಸೊಸಿ ಬಂದು ಅಳತಿದ್ಲು.”

ಮನೆಯಲ್ಲೇ ಇಂಥ ಗುರು ಇರುವಾಗ ಇನ್ನೇನು ಬೇಕು ಎನಿಸಿತು. “ಕೇಳಿ ಏನು ಮಾಡ್ತಿದ್ದಿ?”

“ಮಾಡೂದೇನ? ಅತ್ತಿ ಹೇಳಿದ್ದು ಸೊಸಿಗೆ ಹೇಳ್ತಿದ್ದೆ, ಸೊಸಿ ಹೇಳಿದ್ದು ಅತ್ತಿಗೆ ಹೇಳ್ತಿದ್ದೆ.”

ಕುಷ್ಟಗಿ: ಮಾಮಾನ ಗಾಬರಿ

ಬುಧವಾರ ಕುಷ್ಟಗಿಗೆ ಹೋದೆ. ಊರ ಉಸಾಬರಿಯೆಲ್ಲ ಮೈಮೇಲೆ ಹಾಕಿಕೊಂಡ ಸೋದರಮಾವ ಅಲ್ಲಿದ್ದರು. ಧಾರವಾಡದ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಸಮಾಜಕಾರ್ಯಕ್ಕ ಎರಡು ವರ್ಷ ಓದಬೇಕಂತ? ಅದನ್ನ ಮಾಡೋ ಮಂದಿ ನಮ್ಮೂರಾಗ ಬೇಕಾದಷ್ಟು ಅದಾರ. ನನ್ನ ಹಿಡಕೊಂಡು ಒಬ್ಬನೂ ಏಳನೇ ಕ್ಲಾಸ ದಾಟಿಲ್ಲ.”

“ಇದು ಬ್ಯಾರೆ, ಮಾಮಾ. ಇದರಾಗ ಏನ ಮಾಡೂಕಿಂತ ಮೊದಲು, ನಿಮಗೇನು ಬೇಕು ಅಂತ ಮಂದಿನ್ನ ಕೇಳ್ತಾರ.”

ಮಾಮಾ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

“ಈ ಮಾತು ಇಲ್ಲಿ ಯಾರ ಮುಂದೂ ಆಡಬ್ಯಾಡವಾ. ಬರೋ ತಿಂಗಳ ಇಲೆಕ್ಷನ್ನಿಗೆ ನಿಂತೀನಿ. ಯಾರರ ಕೇಳಿದ್ರ ಮಂದಿ ಖರೇನ ಹೇಳಿಬಿಟ್ಟಾರು!”

ಗಂಗಾವತಿ: ಕೇಳಿಸಿಕೊಂಡ ಫಲ

ಗುರುವಾರ ಗಂಗಾವತಿಯಲ್ಲಿ ಅಕ್ಕನ ಮನೆ ಸೇರಿದೆ. ಇನ್ನು ಎರಡೇ ದಿನ. ಪಕ್ಕದ ಮನೆಯಾಕೆ ಅಳುತ್ತ ಬಂದಳು. ಭತ್ತದ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಅವಳ ಗಂಡ ಮೂರು ದಿನದಿಂದ ಮಾತು ಬಿಟ್ಟಿದ್ದನಂತೆ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಆಕೆಯ ಎದುರು ಕೂತೆ. ಬೆಂಗಳೂರಿನವರು ಕಳಿಸಿದ್ದ ಪುಸ್ತಿಕೆಯಲ್ಲಿ ಉಪದೇಶ ಕೊಡಬಾರದು, ಕೇಳಿಸಿಕೊಳ್ಳಬೇಕು ಎಂದಿತ್ತು. ಎರಡು ತಾಸು “ಹೂಂ” ಬಿಟ್ಟು ಬೇರೆ ಮಾತಾಡಲಿಲ್ಲ. ಕಾಲು ಜುಮುಗುಟ್ಟಿದವು. ಗಂಡನಿಗೆ ಬೈಯಬೇಕೆಂದು ನಾಲಿಗೆ ಹಲ್ಲಿನ ಹಿಂದೆ ಒದ್ದಾಡಿತು. ಆಕೆ ಕಣ್ಣೊರೆಸಿಕೊಂಡು ಎದ್ದುಹೋದಾಗ ನಾನು ಪಾಸಾದೆ ಅಂದುಕೊಂಡೆ.

ಮರುದಿನ ಮುಂಜಾನೆ ಒಂದು ಡಬ್ಬಿ ಹೋಳಿಗೆ ತಂದು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು:

“ನಿಮ್ಮ ತಂಗಿಗೆ ಏನೋ ಭಾರೀ ದುಃಖ ಐತ್ರಿ. ಬಾಯಿನ ಬಿಡವಲ್ಲಳು. ರಾತ್ರಿ ನಮ್ಮ ಮನಿಯವರು ಮತ್ತ ನಾನು ಇದನ್ನ ಮಾತಾಡಿದ್ವಿ. ಲಗೂನ ಡಾಕ್ಟರಿಗೆ ತೋರಸ್ರಿ ಅಂದ್ರು.”

ಮೂರು ದಿನ ಮಾತು ಬಿಟ್ಟ ಗಂಡ ಮಾತಾಡಿದ್ದ, ನನ್ನ ಹುಚ್ಚಿನ ಬಗ್ಗೆ.

ಯಲಬುರ್ಗಾ: ಸಾಹೇಬರ ಶಿಕ್ಕಾ

ಶನಿವಾರ ಬಂತು, ತೀರ್ಮಾನ ಬರಲಿಲ್ಲ. ನನ್ನನ್ನು ಚಿಕ್ಕಂದಿನಿಂದ ಬಲ್ಲ ಗೆಜೆಟೆಡ್ ಅಧಿಕಾರಿ ಒಬ್ಬರೇ. ಅಪ್ಪನ ಗೆಳೆಯರು, ಯಲಬುರ್ಗಾದ ದನದ ಡಾಕ್ಟರು. ಎರಡು ಲಕೋಟೆಗಳ ಮೇಲೆ ಎರಡು ವಿಳಾಸ ಬರೆದುಕೊಂಡು ಬಸ್ ಹತ್ತಿದೆ. ದಾರಿಯಲ್ಲಿ ಬಸ್ಸು ಪಂಕ್ಚರ್. ನಾನು ಇಳಿದಾಗ ಹನ್ನೆರಡೂವರೆ. ರಿಜಿಸ್ಟರ್ ಟಪಾಲು ಒಂದಕ್ಕೆ ಬಂದ್.

ದವಾಖಾನೆಯ ಮುಂದೆ ಹನ್ನೆರಡು ಎತ್ತು ಕಟ್ಟಿದ್ದವು. ಲಾರಿ ಹತ್ತಿಸಬೇಕಾದರೆ ಒಂದೊಂದಕ್ಕೂ ಡಾಕ್ಟರ ಚೀಟಿ ಬೇಕು. ಹನ್ನೊಂದು ಬರೆದಾಗಿತ್ತು. ಡಾಕ್ಟರು ಮೇಜಿನ ಮೇಲೆ ಎರಡು ಹಾಳೆ ಹಾಕಿಕೊಂಡರು, ಒಂದು ನನಗೆ, ಒಂದು ಕೊನೆಯ ಎತ್ತಿಗೆ.

“ಸಾಹೇಬ್ರ, ಲಾರಿ ಹೊಂಟೈತ್ರೀ,” ಎಂದು ಎತ್ತಿನ ವ್ಯಾಪಾರಿ ಆ ಕಡೆಯಿಂದ.

“ಕಾಕಾ, ಟಪಾಲ ಬಂದ್ ಆಕ್ಕೈತ್ರೀ,” ಎಂದು ನಾನು ಈ ಕಡೆಯಿಂದ.

“ಸುಮ್ಮನಿರ್ರೋ, ನನಗಿರೂದು ಒಂದ ಕೈ!” ಅವನಿಗೊಂದು ಸಾಲು, ನನಗೊಂದು ಸಾಲು ಬರೆದು, ಎರಡಕ್ಕೂ ಧಡ್ ಧಡ್ ಎಂದು ಶಿಕ್ಕಾ ಒತ್ತಿದರು.

ಓಡಿದೆ. ಪೋಸ್ಟ್ ಮಾಸ್ತರರು ಕಿಟಕಿ ಅರ್ಧ ಎಳೆದಿದ್ದರು. “ಹಾಕೂದಿದ್ರ ಈಗ ಹಾಕ್ರಿ, ಅಕ್ಕಾರ.” ಮಡಚುವ ಮೊದಲು ಪತ್ರದ ಮೇಲೆ ಕಣ್ಣಾಡಿಸಿದೆ. ನನ್ನ ಹೆಸರಿನ ಕೆಳಗೆ ಹೀಗಿತ್ತು: “ಇವರನ್ನು ಚಿಕ್ಕಂದಿನಿಂದ ಬಲ್ಲೆ. ಸಾಂಕ್ರಾಮಿಕ ರೋಗವಿಲ್ಲ. ನಾಲ್ಕೂ ಕಾಲು ಗಟ್ಟಿ ಇವೆ. ದೂರದ ಸಾಗಾಣಿಕೆಗೆ ಯೋಗ್ಯ.”

ತಿರುಗಿ ಹೋಗಲು ಹೊತ್ತಿರಲಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಹೂಂಗುಟ್ಟುವ ಕೆಲಸಕ್ಕೆ ಗಟ್ಟಿ ಕಾಲು ಯಾತಕ್ಕೆ? ಹಳ್ಳಿ ಹಳ್ಳಿ ತಿರುಗುವ ಕೆಲಸಕ್ಕಾದರೆ ಇದಕ್ಕಿಂತ ಒಳ್ಳೆಯ ಶಿಫಾರಸು ಎಲ್ಲಿ ಸಿಕ್ಕೀತು? ಟೀಸಿಯನ್ನೂ ಪತ್ರವನ್ನೂ ಧಾರವಾಡದ ಲಕೋಟೆಗೆ ತುರುಕಿದೆ. ಕಿಟಕಿ ಮುಚ್ಚಿತು.

ಹೊರಗೆ ಬಂದರೆ ವ್ಯಾಪಾರಿ ಎತ್ತು ಹಿಡಿದು ನಿಂತಿದ್ದ. “ಡ್ರೈವರ್ ಈ ಚೀಟಿ ನಡಿಯಂಗಿಲ್ಲ ಅಂತಾನ. ಏನು ಬರ್ದಾರ ಒಂದೀಟು ಓದವಾ.”

ಓದಿದೆ: “ಬಿಳಿ ಎತ್ತು, ಎಡಗೋಡು ಮುರಿದಿದೆ. ನಡತೆ ಉತ್ತಮ. ಓದಿನಲ್ಲಿ ಚುರುಕು. ಉನ್ನತ ವ್ಯಾಸಂಗಕ್ಕೆ ಶಿಫಾರಸು ಮಾಡುತ್ತೇನೆ.”

ಆತ ಎತ್ತಿನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. “ಅಂದ್ರ ಇದನ್ನ ಎಲ್ಲಿಗೆ ಕಳಸ್ಬೇಕಂತವಾ?”

ಕೈಯಲ್ಲಿ ಉಳಿದಿದ್ದ ಖಾಲಿ ಲಕೋಟೆಯನ್ನು ಅವನಿಗೆ ಕೊಟ್ಟೆ.

“ಬೆಂಗಳೂರಾಗ ಒಂದು ಸೀಟು ಖಾಲಿ ಐತಿ ನೋಡಪಾ.”