ದವಡೆಯೊಳಗೆ ಮಲಗಿದ್ದ ಬುದ್ಧಿಹಲ್ಲು

ಮನುಷ್ಯನಿಗೆ ತನ್ನ ಮೈಯ ಬಗ್ಗೆ ಎಷ್ಟು ಗೊತ್ತಿರುತ್ತದೆ ಎಂದು ಹೋದ ವರ್ಷದವರೆಗೆ ಯಾರಾದರೂ ಕೇಳಿದ್ದರೆ ‘ಎಲ್ಲಾ ಗೊತ್ತಿರುತ್ತದೆ’ ಎಂದು ಹೇಳಿಬಿಡುತ್ತಿದ್ದೆ. ನನ್ನ ಮೈಯ ಬಗ್ಗೆ ಮಾತ್ರವಲ್ಲ, ಕೇಳಿದವರ ಮೈಯ ಬಗ್ಗೆಯೂ ಹೇಳುತ್ತಿದ್ದೆ. ಅದು ನನ್ನ ಸ್ವಭಾವ. ಮಧುರೆ ಹೋಬಳಿಯ ನಮ್ಮೂರಿನ ಹಾಲಿನ ಡೈರಿಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಸೆಕ್ರೆಟರಿ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಊರಿನ ಜನ ಕ್ಯಾನು ಹಿಡಿದುಕೊಂಡು ನನ್ನೆದುರು ಸಾಲಾಗಿ ನಿಲ್ಲುತ್ತಾರೆ. ಹಾಲು ಅಳೆದು, ಫ್ಯಾಟು ನೋಡಿ ಬರೆದುಕೊಳ್ಳುವಷ್ಟರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಲಹೆ ಕೊಟ್ಟೇ ಕಳುಹಿಸುತ್ತೇನೆ. ಹಸುವಿನ ಕೆಚ್ಚಲು ಬಾವಿನಿಂದ ಹಿಡಿದು ಮಗಳ ಕಾಲೇಜು ಸೀಟಿನವರೆಗೆ ನನಗೆ ಅಭಿಪ್ರಾಯವಿಲ್ಲದ ವಿಷಯವಿಲ್ಲ. ಹಾಲು ಹಾಕಲೇಬೇಕಾದ್ದರಿಂದ ಅವರು ಕೇಳಲೇಬೇಕು. ಹೀಗೆ ಸಾಲಿನಲ್ಲಿ ನಿಂತು ಕೇಳುವ ಸಭೆ ದೊಡ್ಡ ದೊಡ್ಡ ಭಾಷಣಕಾರರಿಗೂ ಸಿಕ್ಕಲಾರದು.

ಇಂಥ ನನಗೆ ಐವತ್ತೊಂದನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ನಿಪ್ಪಟ್ಟು ಕಡಿಯುವಾಗ ಬಲಗಡೆಯ ಕೆಳದವಡೆಯಲ್ಲಿ ಯಾರೋ ಮೊಳೆ ಹೊಡೆದ ಹಾಗಾಯಿತು. ನಿಪ್ಪಟ್ಟಿನಲ್ಲಿ ಕಲ್ಲಿತ್ತು ಎಂದುಕೊಂಡು ಹೆಂಡತಿ ಗಿರಿಜೆಯ ಮೇಲೆ ರೇಗಿದೆ. ಆಕೆ ಉಳಿದರ್ಧ ನಿಪ್ಪಟ್ಟನ್ನು ನನ್ನ ಕಣ್ಣೆದುರೇ ತಿಂದು ತೋರಿಸಿ, “ಕಲ್ಲು ಇದರಲ್ಲಿಲ್ಲ ರೀ, ನಿಮ್ಮ ಬಾಯಲ್ಲೇ ಇರಬೇಕು, ನೋಡ್ಕೊಳ್ಳಿ” ಎಂದಳು. ನಾಲ್ಕು ದಿನ ಲವಂಗ ಕಚ್ಚಿಕೊಂಡೆ. ಉಪ್ಪುನೀರು ಮುಕ್ಕಳಿಸಿದೆ. ಡೈರಿಯ ಸಾಲಿನಲ್ಲಿ ನಿಂತವರು, ಇಪ್ಪತ್ತಾರು ವರ್ಷದ ಸೇಡು ತೀರಿಸಿಕೊಳ್ಳುವ ಉತ್ಸಾಹದಲ್ಲಿ, ತಲೆಗೊಂದು ಸಲಹೆ ಕೊಟ್ಟರು. ಹೊಗೆಸೊಪ್ಪು ಒತ್ತಿಕೊಳ್ಳಿ ಎಂದರು ಒಬ್ಬರು. ಇನ್ನೊಬ್ಬರು ದಾರ ಕಟ್ಟಿ ಬಾಗಿಲಿಗೆ ಬಿಗಿಯಿರಿ ಎಂದರು. ಐದನೆಯ ದಿನ ಕೆನ್ನೆ ಊದಿಕೊಂಡಿತು. ದೊಡ್ಡಬಳ್ಳಾಪುರಕ್ಕೆ, ಹಲ್ಲಿನ ಡಾಕ್ಟರ ಹತ್ತಿರ ಹೊರಟೆ.

ಹೊರಟಾಗ ಅವ್ವ ತಾನೂ ಬರುತ್ತೇನೆಂದು ಸೀರೆ ಬದಲಾಯಿಸಿಕೊಂಡು ಬಂದು ನಿಂತಳು. ಅವಳಿಗೆ ಎಪ್ಪತ್ತನಾಲ್ಕು. “ನೀನ್ಯಾಕವ್ವ?” ಎಂದರೆ, “ಮುಂದ್ಲುದೊಂದು ಹಲ್ಲು ಅಲ್ಲಾಡ್ತೈತೆ ಕಣಪ್ಪ, ತೋರಿಸ್ಕಂಡು ಬರಾನ” ಎಂದಳು. ನನಗೆ ಸೂಜಿಯ ಭಯವಿರುವುದು ಅವಳಿಗೆ ಗೊತ್ತಿದ್ದರಿಂದ ಅಲ್ಲಾಡುವ ಹಲ್ಲಿನ ನೆಪ ಹೂಡಿದ್ದಾಳೆಂದು ನನಗೆ ಅನುಮಾನ. ತಲೆ ನರೆತ ಮಗನನ್ನು ತಾಯಿ ಕೈ ಹಿಡಿದು ದಂತವೈದ್ಯರ ಬಳಿ ಕರೆದೊಯ್ಯುವ ದೃಶ್ಯವನ್ನು ಬಸ್ಸಿನವರೆಲ್ಲ ನೋಡಿದರು.

ಡಾಕ್ಟರಮ್ಮ ಮೂವತ್ತರ ಆಸುಪಾಸಿನ ಹುಡುಗಿ. ಮೃದುವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ಮುಂಚೆ ಬಾಯೊಳಗೆ ಕೈ ಹಾಕುತ್ತಾರೆ. ಹೀಗಾಗಿ ನಮಗೆ ಮಾತಿಗೆ ಅವಕಾಶವೇ ಇರುವುದಿಲ್ಲ. ಇಡೀ ದವಡೆಯ ಎಕ್ಸ್‌ರೇ ತೆಗೆಸಿ, ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಹಾಕಿ, “ನೋಡಿ ಸರ್, ಇದು ನಿಮ್ಮ ಬುದ್ಧಿಹಲ್ಲು” ಎಂದು ಬೆರಳಿಟ್ಟು ತೋರಿಸಿದರು. ನಾನು ಹೌಹಾರಿಬಿಟ್ಟೆ. ಉಳಿದ ಹಲ್ಲುಗಳೆಲ್ಲ ನಮ್ಮ ಡೈರಿಯ ಸಾಲಿನ ಹಾಗೆ ನೆಟ್ಟಗೆ ನಿಂತಿದ್ದರೆ, ಕಟ್ಟಕಡೆಯದೊಂದು ಅಡ್ಡಡ್ಡ ಮಲಗಿಕೊಂಡು, ಪಕ್ಕದ ಹಲ್ಲಿನ ಬುಡಕ್ಕೆ ತಲೆ ಕೊಟ್ಟು ಗುದ್ದುತ್ತಿತ್ತು. ಹಲ್ಲು ಮಲಗಬಲ್ಲದು ಎಂಬುದೇ ನನಗೆ ಗೊತ್ತಿರಲಿಲ್ಲ. ಅದೂ ಬುದ್ಧಿಯ ಹಲ್ಲು! ನನಗೆ ಅದು ಇಪ್ಪತ್ತರಲ್ಲೇ ಬಂದು ಹೋಗಿದೆ, ಅದರ ಬಲದ ಮೇಲೇ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೇನೆ ಎಂದು ನಾನು ನಂಬಿಕೊಂಡಿದ್ದೆ.

“ಪಕ್ಕದ ಹಲ್ಲನ್ನೂ ಹುಳುಕು ಮಾಡ್ತಿದೆ, ಅದರ ಮೇಲೆ ಮುಚ್ಚಿರೋ ಒಸಡಲ್ಲಿ ಕೀವಾಗಿದೆ. ಮಾತ್ರೆಯಲ್ಲಿ ಬಾವು ಇಳಿಸಿ, ಆಮೇಲೆ ತೆಗೆದುಬಿಡೋಣ” ಎಂದರು ಡಾಕ್ಟರಮ್ಮ. ಹೇಗೆ ತೆಗೆಯುತ್ತೀರಿ ಎಂದು ಕೇಳಿದ್ದು ನನ್ನ ತಪ್ಪು. ಒಸಡು ಕೊಯ್ದು, ಮೂಳೆ ಸ್ವಲ್ಪ ಕೊರೆದು, ಹಲ್ಲನ್ನು ಎರಡು ಹೋಳು ಮಾಡಿ ತೆಗೆದು ಹೊಲಿಗೆ ಹಾಕುವುದು ಎಂದು, ಹಲಸಿನ ಹಣ್ಣು ಬಿಡಿಸುವ ಕ್ರಮ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಹಲ್ಲಿನ ಬುಡದಲ್ಲಿ ನರವೊಂದು ಹೋಗಿದೆ, ಅಪರೂಪಕ್ಕೆ ಕೆಲವರಿಗೆ ಕೆಳತುಟಿ ಕೆಲವು ದಿನ ಜೋಮು ಹಿಡಿದಂತಿರುತ್ತದೆ, ತೀರಾ ಅಪರೂಪಕ್ಕೆ ಹಾಗೇ ಉಳಿದುಬಿಡುತ್ತದೆ, ಇದಕ್ಕೆ ಒಪ್ಪಿ ಸಹಿ ಮಾಡಬೇಕು ಎಂದು ಕಾಗದ ಮುಂದಿಟ್ಟರು. ನನ್ನ ಕೆಳತುಟಿ! ಅದಿಲ್ಲದೆ ನಾನು ಪ, ಫ, ಬ, ಭ, ಮ ಅಕ್ಷರಗಳನ್ನು ಹೇಗೆ ಹೇಳಲಿ? ಪೇಮೆಂಟು, ಫ್ಯಾಟು, ಬಾವು ಯಾವುದೂ ಬಾಯಿಗೆ ಬಾರದೆ ಡೈರಿ ಹೇಗೆ ನಡೆಸಲಿ?

ನಾನು ಬೆವರುತ್ತ ಕೂತಿದ್ದಾಗ ಡಾಕ್ಟರಮ್ಮ ಅವ್ವನ ಬಾಯಿ ನೋಡಿ, ಅವಳದ್ದೂ ಎಕ್ಸ್‌ರೇ ತೆಗೆಸಿದರು. ಪರದೆಯ ಮೇಲೆ ಮೂಡಿದ್ದನ್ನು ಕಂಡು ಈ ಸಲ ಅವರೇ ಹುಬ್ಬೇರಿಸಿದರು. ಅವ್ವನ ಕೆಳದವಡೆಯ ಎರಡೂ ತುದಿಯಲ್ಲಿ ಒಂದೊಂದು ಬುದ್ಧಿಹಲ್ಲು, ನನ್ನದರ ಹಾಗೆಯೇ ಅಡ್ಡ ಮಲಗಿ, ಒಸಡಿನ ಕೆಳಗೆ ಹೂತುಕೊಂಡಿದ್ದವು. “ಯಾವತ್ತಾದರೂ ನೋವಾಗಿತ್ತಾ ಅಜ್ಜಿ?” ಎಂದು ಕೇಳಿದರು. ಅವ್ವ ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿದೆ: “ನಮ್ಮವ್ವಂಗೆ ಜೀವಮಾನದಲ್ಲೇ ಹಲ್ಲುನೋವು ಬಂದಿಲ್ಲ ಡಾಕ್ಟ್ರೇ. ಈಗಲೂ ಕಬ್ಬು ಸಿಗಿದು ತಿಂತಾಳೆ.” ಡಾಕ್ಟರಮ್ಮ ಬರೆದುಕೊಂಡರು. “ಹಾಗಾದ್ರೆ ಅಜ್ಜಿದು ಮುಟ್ಟೋದು ಬೇಡ. ತೊಂದರೆ ಕೊಡದೆ ಇರೋದನ್ನ, ಈ ವಯಸ್ಸಲ್ಲಿ, ಸುಮ್ಮನೆ ಕೆದಕಬಾರದು. ನಿಮ್ಮದು ಹಾಗಲ್ಲ ಸರ್, ತೊಂದರೆ ಶುರುವಾಗಿದೆ” ಎಂದರು. ಅವರ ಮಾತಿನ ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ಒಂದೇ ಮನೆತನದ ಹಲ್ಲು, ಒಂದೇ ಥರ ಮಲಗಿದೆ, ತಾಯಿಯದನ್ನು ಬಿಡಬಹುದಾದರೆ ಮಗನದನ್ನು ಯಾಕೆ ಕೀಳಬೇಕು? ಸಹಿ ಹಾಕದೆ, ಮಾತ್ರೆ ಮಾತ್ರ ತೆಗೆದುಕೊಂಡು ಅವ್ವನನ್ನು ಕರೆದುಕೊಂಡು ಬಂದುಬಿಟ್ಟೆ.

ಮಾತ್ರೆ ನುಂಗಿದ ಮೇಲೆ ಬಾವು ಇಳಿಯಿತು, ಬಾಯಿ ಮತ್ತೆ ತೆರೆಯಿತು. ಮೂರು ವಾರ ಡೈರಿಯಲ್ಲಿ ನನ್ನದು ಒಂದೇ ವಿಷಯ: ಮಲಗಿದ ಬುದ್ಧಿಹಲ್ಲನ್ನು ಕೀಳಿಸಬೇಕೇ, ಬೇಡವೇ? ಬೇಡ ಎಂಬುದು ನನ್ನ ತೀರ್ಪು, ಅವ್ವನ ದವಡೆ ನನ್ನ ಸಾಕ್ಷಿ. “ಐವತ್ತು ವರ್ಷದ ಮೇಲಾಯ್ತು ಕಣ್ರೀ, ಒಂದು ದಿನ ಒಂದು ಚೂರು ನೋವಿಲ್ಲ!” ಎಂದು ಎಲ್ಲರಿಗೂ ಹೇಳಿದೆ. ನನ್ನ ಮಾತು ಕೇಳಿ ರೈತರೊಬ್ಬರು ಮರುದಿನ ಕೀಳಿಸಲು ಹೊರಟಿದ್ದ ಹಲ್ಲನ್ನು ಕೀಳಿಸದೆ ಉಳಿದರು. ಅವರು ಅದಾದ ಮೇಲೆ ಒಂದು ವಾರ ಡೈರಿಗೆ ಹೆಂಡತಿಯನ್ನು ಕಳುಹಿಸಿದ್ದೇಕೆಂದು ನಾನು ಆಗ ವಿಚಾರಿಸಲಿಲ್ಲ.

ಇಷ್ಟರಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿರುವ ನನ್ನ ತಂಗಿಯ ಮನೆಯಿಂದ ಫೋನು ಬಂತು. ತಂಗಿಯ ಮಗಳು ರಮ್ಯಳನ್ನು ನೋಡಿ ಒಪ್ಪಿಕೊಂಡ ನೆಲಮಂಗಲದವರು ಭಾನುವಾರ ಮಾತುಕತೆಗೆ ಬರುತ್ತಾರೆ, ಅಣ್ಣ ಬರಬೇಕು. ತಂಗಿಯ ಗಂಡ ಮಾತು ಕಮ್ಮಿಯ ಮನುಷ್ಯ. ಆದ್ದರಿಂದ ಆ ಮನೆಯ ಪರವಾಗಿ ಮಾತಾಡುವ ಹೊಣೆ ನನ್ನದೇ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೆ. ಹಿಂದೆ ಎರಡು ಸಂಬಂಧಗಳ ಮಾತುಕತೆಯಲ್ಲೂ ನಾನೇ ಮಾತಾಡಿದ್ದೆ. ಅವೆರಡೂ ಮುರಿದುಬಿದ್ದಿದ್ದವು. ಈ ಹುಡುಗನಿಗೆ ಹೆದ್ದಾರಿಯ ಪಕ್ಕದ ಗೋಡೌನೊಂದರಲ್ಲಿ ಸೂಪರ್‌ವೈಸರ್ ಕೆಲಸ. ಆ ಕೆಲಸದ ಬಗ್ಗೆ, ಲಾರಿಗಳ ಬಗ್ಗೆ, ಫೋಟೋದಲ್ಲಿ ಕಂಡಿದ್ದ ಹುಡುಗನ ತಂದೆಯ ಮೀಸೆಯ ಬಗ್ಗೆ ನಾನು ಹನ್ನೊಂದು ಪ್ರಶ್ನೆ ಸಿದ್ಧ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜಲು ಹೋದರೆ ಬಾಯಿಯೇ ತೆರೆಯುತ್ತಿಲ್ಲ. ಬೆಚ್ಚಿಬಿದ್ದೆ. ದವಡೆಗೆ ಯಾರೋ ಬೀಗ ಹಾಕಿದ್ದಾರೆ! ಒಂದು ಬೆರಳು ತೂರುವಷ್ಟು ಮಾತ್ರ ಸಂದಿ. ಗಿರಿಜೆ ಆ ಸಂದಿಯಲ್ಲೇ ಕಾಫಿ ಹೊಯ್ದು, “ಹೋಗದೆ ಇದ್ರೆ ತಪ್ಪು ತಿಳ್ಕೋತಾರೆ, ಹೋಗಿ ಸುಮ್ನೆ ಕೂತ್ಕೊಳಿ” ಎಂದು ಕರೆದುಕೊಂಡು ಹೋದಳು. ಕೆನ್ನೆಯ ಊತ ಕಾಣದಿರಲೆಂದು ಟವೆಲನ್ನು ಹೆಗಲ ಮೇಲೆ ಎತ್ತರಕ್ಕೆ ಹಾಕಿಕೊಂಡು ಚಾಪೆಯ ಮೇಲೆ ಕೂತೆ. ನೆಲಮಂಗಲದವರು ಏನು ಹೇಳಿದರೂ ತಲೆಯಾಡಿಸಿದೆ. ಬೇಡವೆಂದು ಆಡಿಸಿದರೆ ದವಡೆ ಎಳೆಯುತ್ತಿತ್ತು, ಹೀಗಾಗಿ ಎಲ್ಲಕ್ಕೂ ಹೌದೆಂದೇ ಆಡಿಸಿದೆ. ನನ್ನ ಹನ್ನೊಂದು ಪ್ರಶ್ನೆ ಗಂಟಲಲ್ಲೇ ಕೂತಿದ್ದಾಗ, ತಂಗಿಯ ಗಂಡ, ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಗಂಟಲು ಸರಿಮಾಡಿಕೊಂಡು ಮಾತಾಡಿದ. ಎಷ್ಟು ಚೆನ್ನಾಗಿ ಮಾತಾಡಿದ! ನಾಲ್ಕೇ ಮಾತು. ಹುಡುಗಿ ಓದಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ, ಮದುವೆಯಾದ ಮೇಲೂ ಹೋಗಲು ಬಿಡಬೇಕು. ಮಿಕ್ಕಿದ್ದು ನಿಮ್ಮಿಷ್ಟ. ಅವರು ಒಪ್ಪಿಕೊಂಡರು. ತಾಂಬೂಲ ಬದಲಾಯಿಸಿ ಆಯಿತು. ಹುಡುಗನ ತಂದೆ ಹೊರಡುವಾಗ ನನ್ನ ಎರಡೂ ಕೈ ಹಿಡಿದು, “ನಿಮ್ಮಂಥ ತೂಕದ ಮನುಷ್ಯರನ್ನ ನೋಡಿ ಬಾಳ ದಿನ ಆಗಿತ್ತು ಯಜಮಾನ್ರೇ. ಹೆಣ್ಣಿನ ಕಡೆಯೋರು ಅಂದ್ರೆ ಹಿಂಗಿರಬೇಕು” ಎಂದರು. ನಾನು ಅದಕ್ಕೂ ತಲೆಯಾಡಿಸಿದೆ.

ಅವರು ಹೋದ ಮೇಲೆ ರಮ್ಯ ಓಡಿಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಕಣ್ಣು ತುಂಬಿತ್ತು. “ಥ್ಯಾಂಕ್ಸ್ ಮಾವ. ಬೇಜಾರು ಮಾಡ್ಕೋಬೇಡಿ, ನಿಜ ಹೇಳಿಬಿಡ್ತೀನಿ. ನೀವು ಇವತ್ತು ಬಾಯಿ ಬಿಡದೆ ಇರಲಿ ಅಂತ ನಾನು ಮೂರು ಶನಿವಾರ ಉಪವಾಸ ಇದ್ದೆ” ಎಂದಳು. ನಾನು ತಂಗಿಯ ಮುಖ ನೋಡಿದೆ. ಅವಳು ಲೋಟ ಎತ್ತಿಕೊಳ್ಳಲು ಒಳಗೆ ಹೋದಳು. ಗಿರಿಜೆಯ ಮುಖ ನೋಡಿದೆ. ಅವಳಿಗೆ ಆಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ನೋಡಬೇಕಾಗಿ ಬಂತು. ಹಿಂದಿನ ಎರಡು ಸಂಬಂಧ ಮುರಿದದ್ದು ಜಾತಕದ ದೆಸೆಯಿಂದ ಎಂದು ನನ್ನ ಹೊರತು ಆ ಮನೆಯಲ್ಲಿ ಯಾರೂ ನಂಬಿರಲಿಲ್ಲ ಎಂಬುದು, ದವಡೆಯ ನೋವಿಗಿಂತ ಜೋರಾಗಿ, ಆ ಹೊತ್ತಿನಲ್ಲಿ ನನಗೆ ಹೊಳೆಯಿತು. ಕೋಪ ಮಾಡಿಕೊಂಡು ಕೂಗಾಡೋಣವೆಂದರೆ ಬಾಯಿ ಎಲ್ಲಿದೆ?

ಅದಕ್ಕಿಂತ ದೊಡ್ಡ ಆಘಾತ ಬಸ್ಸಿನಲ್ಲಿ ಕಾದಿತ್ತು. ನಾಳೆಯೇ ಹಲ್ಲು ಕೀಳಿಸಿಬಿಡುತ್ತೇನೆ ಎಂದು ನಾನು ಕೈಸನ್ನೆಯಲ್ಲಿ ಹೇಳಿದರೆ, ಗಿರಿಜೆ ಸ್ವಲ್ಪ ಯೋಚಿಸಿ, “ಮದುವೆ ಮುಗಿಯೋವರ್ಗೂ ತಡೆಯೋಕೆ ಆಗಲ್ವೇನ್ರೀ?” ಎಂದಳು. ನನ್ನ ಮುಖ ನೋಡಿ ಕೂಡಲೇ, “ಅಯ್ಯೋ, ತಮಾಷೆಗಂದೆ” ಎಂದು ನನ್ನ ಕೈ ಹಿಡಿದುಕೊಂಡಳು. ಆದರೆ ಮೊದಲ ಮಾತು ಬಂದದ್ದು ತಮಾಷೆಯ ಗಂಟಲಿನಿಂದಲ್ಲ.

ಮರುದಿನವೇ ಡಾಕ್ಟರಮ್ಮನ ಬಳಿ ಓಡಿದೆ. ಈ ಸಲ ಅವರು ಮೃದುವಾಗಿ ಮಾತಾಡಲಿಲ್ಲ. “ಅಂದೇ ಹೇಳಿದ್ದೆ. ಬಾವು ಗಂಟಲ ಕಡೆ ಇಳಿದಿದ್ದರೆ ಉಸಿರಿಗೇ ತೊಂದರೆ ಆಗ್ತಿತ್ತು, ಗೊತ್ತಾ ಸರ್?” ಎಂದರು. ಎರಡು ಸಲ ಇಂಜೆಕ್ಷನ್ನು, ಐದು ದಿನ ಮಾತ್ರೆ ಕೊಟ್ಟು ಬಾಯಿ ತೆರೆಸಿ, ಆರನೆಯ ದಿನ ಕುರ್ಚಿಗೆ ಹತ್ತಿಸಿದರು. ಕಾಗದ ಓದದೆ ಸಹಿ ಹಾಕಿದೆ. ಕಣ್ಣು ಮುಚ್ಚಿಕೊಂಡಿದ್ದರಿಂದ ಏನು ನಡೆಯಿತೆಂದು ನೋಡಲಿಲ್ಲ, ಕೇಳಿದೆ. ನಮ್ಮೂರಲ್ಲಿ ಬೋರ್‌ವೆಲ್ ಕೊರೆಯುವಾಗ ಬರುವ ಸದ್ದನ್ನು ತಲೆಬುರುಡೆಯ ಒಳಗೆ ಕೂತು ಕೇಳಿದಂತಿತ್ತು. ನೋವು ಮಾತ್ರ ಸಾಸಿವೆಯಷ್ಟೂ ಆಗಲಿಲ್ಲ. ಮುಕ್ಕಾಲು ಗಂಟೆಯ ನಂತರ ಎರಡು ಹೋಳನ್ನು ತಟ್ಟೆಯಲ್ಲಿ ತೋರಿಸಿದರು. ಊರನ್ನೇ ಅಲ್ಲಾಡಿಸಿದ ಹಲ್ಲು ಬೇಯಿಸಿದ ಅವರೆಕಾಳಿಗಿಂತ ಕೊಂಚ ದೊಡ್ಡದಿತ್ತು, ಅಷ್ಟೇ. “ಮೂರು ದಿನ ಮಾತಾಡಬೇಡಿ. ಹೊಲಿಗೆ ಎಳೀಬಾರದು” ಎಂದರು. ಜೊತೆಗೆ ಬಂದಿದ್ದ ಗಿರಿಜೆ ಅದನ್ನು ಇನ್ನೊಂದು ಸಲ ಜೋರಾಗಿ ಹೇಳಿಸಿಕೊಂಡಳು.

ಆ ಮೂರು ದಿನ ನಾನು ಜಗುಲಿಯ ಮೇಲೆ ಕೂತು ತಣ್ಣಗಿನ ರಾಗಿ ಅಂಬಲಿ ಕುಡಿದೆ. ಎರಡನೆಯ ದಿನ ಮಧ್ಯಾಹ್ನ ಅವ್ವ ಅವರೆಕಾಯಿ ಮೊರ ತಂದು ಪಕ್ಕದಲ್ಲಿ ಕೂತಳು. ಕಾಯಿ ಬಿಡಿಸುತ್ತ, ನನ್ನ ಕಡೆ ನೋಡದೆ, “ಬಾಳ ನೋವೇನ್ಲಾ?” ಎಂದಳು. ತಲೆಯಾಡಿಸಿದೆ. “ನಂಗೊತ್ತು ಕಣಪ್ಪ. ನೀನು ಹೊಟ್ಟೇಲಿದ್ದಾಗ ನಂಗೂ ಇದೇ ಜಾಗದಾಗೆ ಬಂದಿತ್ತು. ಆ ಕಡೆ ಈ ಕಡೆ ಎರಡೂ. ಎರಡು ತಿಂಗಳು ಮುದ್ದೆ ಅಗಿಯಕ್ಕಾಗ್ದೆ ನೀರಾಗೆ ಕಲಸ್ಕಂಡು ಕುಡ್ದೆ. ಗೋಡೆಗೆ ಕೆನ್ನೆ ಒತ್ಕಂಡು ನಿಂತಿರ್ತಿದ್ದೆ, ತಣ್ಣಗಿರ್ತದೆ ಅಂತ.”

ಅಂಬಲಿಯ ಲೋಟ ಕೆಳಗಿಟ್ಟೆ. ಮೂರು ವಾರ ನಾನು ಊರಿಗೆಲ್ಲ ಸಾರಿದ್ದ ನೋವಿಲ್ಲದ ದವಡೆ! ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೈಯಲ್ಲೇ ಕೇಳಿದೆ. ಅವ್ವ ನಕ್ಕಳು. ಆ ನಗುವಿನಲ್ಲಿ ದೂರು ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. “ಆವಾಗ ನಿಮ್ಮಪ್ಪ ಮಾತಾಡೋರು. ಆಮೇಲೆ ನೀನು ಮಾತಾಡ್ತಿದ್ದೆ. ಮಧ್ಯದಾಗೆ ನಾನ್ಯಾವಾಗ್ಲಾ ಹೇಳನ?”

ಒಳಗೆ ಹೋಗಿ ಹಾಲಿನ ಲೆಕ್ಕದ ಹಳೇ ಚೀಟಿಯ ಹಿಂದೆ ‘ಇನ್ನೂ ಏನೇನು ಹೇಳದೆ ಬಿಟ್ಟಿದ್ದೀಯವ್ವ?’ ಎಂದು ಬರೆದು ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ನಂಗೇನು ಓದಕ್ ಬರ್ತದೇನ್ಲಾ? ಬಾಯಿ ವಾಸಿ ಆಗ್ಲಿ, ಆಮ್ಯಾಕೆ ಕೇಳೀವಂತೆ” ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಬಾಯಿ ಚೆನ್ನಾಗಿ ತೆರೆಯಿತು. ಕೆಳತುಟಿ ತನ್ನ ಜಾಗದಲ್ಲಿತ್ತು. ಡೈರಿಗೂ ಹೋಗದೆ ನೇರವಾಗಿ ಅವ್ವನ ಹತ್ತಿರ ಹೋಗಿ ಕೂತೆ. ಅವಳು ಹೂವಿನ ದಂಡೆ ಕಟ್ಟುತ್ತಿದ್ದವಳು ದಾರ ಕೆಳಗಿಟ್ಟು ನನ್ನ ಕಡೆ ತಿರುಗಿ ಸರಿಯಾಗಿ ಕೂತಳು. ಕುರ್ಚಿ ಹೇಗೆ ಹಿಂದಕ್ಕೆ ವಾಲುತ್ತದೆ ಎನ್ನುವಲ್ಲಿಂದ ಶುರು ಮಾಡಿ, ಸೂಜಿ ಎಷ್ಟುದ್ದ ಇತ್ತು, ಮೂಳೆ ಹೇಗೆ ಕೊರೆದರು, ಹಲ್ಲು ಹೇಗೆ ಹೋಳಾಯಿತು, ಇಂಥದ್ದನ್ನೆಲ್ಲ ನನ್ನಂಥವನಲ್ಲದೆ ಬೇರೆಯವರು ತಡೆದುಕೊಳ್ಳುವುದು ಹೇಗೆ ಕಷ್ಟ ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿ ಮುಗಿಸುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ಆಮೇಲೆ ಹಸಿವಾಯಿತು, ಎದ್ದು ಬಂದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.